ಮೂರು ಅಡುಗೆಯ ಮನೆಗೆ ಒಂದು ಬಸ್ಸಾರು

ಬಸವೇಶ್ವರನಗರದ ನಮ್ಮ ಬೀದಿಯಲ್ಲಿ ಪರಿಚಯದ ಮನೆಯೊಂದಿದೆ. ಹೋದ ವರ್ಷದವರೆಗೂ ರಾತ್ರಿ ಎಂಟೂವರೆಗೆ ಅಲ್ಲಿಗೆ ಹೋದರೆ ಒಲೆಯ ಮೇಲೆ ಮೂರು ಊಟ ಬೇಯುತ್ತಿದ್ದವು. ತಾತನಿಗೆ ಸಕ್ಕರೆ ಕಾಯಿಲೆ. ಅವರಿಗೆ ಒಂದು ಮುದ್ದೆ, ಉಪ್ಪು ಕಡಿಮೆ ಹಾಕಿದ ಸೊಪ್ಪಿನ ಸಾರು. ಮಗನಿಗೆ ಅನ್ನ, ತಿಳಿಸಾರು, ಹಪ್ಪಳ. ಏಳನೇ ತರಗತಿಯ ಮೊಮ್ಮಗನಿಗೆ ನೂಡಲ್ಸ್, ಅದೂ ಅವನ ಕೋಣೆಗೇ ಹೋಗಬೇಕು. ಮೂರನ್ನೂ ಮಾಡಿ ಬಡಿಸುವ ಸೊಸೆ ಊಟಕ್ಕೆ ಕೂರುವ ಹೊತ್ತಿಗೆ ಹತ್ತು ಗಂಟೆ. ಆಕೆಯ ತಟ್ಟೆಗೆ ಬೀಳುತ್ತಿದ್ದುದು ಪಾತ್ರೆಯ ತಳದಲ್ಲಿ ಉಳಿದದ್ದು. ಒಂದು ರಾತ್ರಿ ನಾನು ಅಲ್ಲಿದ್ದಾಗ ತಾತ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಮೊಮ್ಮಗನ ಕಡೆ ಚಾಚಿದರು. ಹುಡುಗ ಹಿಂದೆ ಸರಿದು, ‘ಅದು ಶುಗರ್ ಇರೋರ ಊಟ ತಾತ, ನಂಗೆ ಶುಗರ್ ಇಲ್ವಲ್ಲ’ ಅಂದ.

ಹುಡುಗ ತುಂಟತನಕ್ಕೆ ಹೇಳಿದ ಮಾತಲ್ಲ ಅದು. ಅವನು ಕಂಡದ್ದೇ ಹಾಗೆ. ಅವನಿಗೆ ಬುದ್ಧಿ ತಿಳಿದಾಗಿನಿಂದ ಆ ಮನೆಯಲ್ಲಿ ಮುದ್ದೆ ತಿರುವುವುದು ತಾತನಿಗೆ ಮಾತ್ರ, ಅದೂ ಡಾಕ್ಟರು ಹೇಳಿದ ಮೇಲೆ. ಸೊಪ್ಪು, ಕಾಳು, ಮುದ್ದೆ ಎಂದರೆ ಮಾತ್ರೆ ಡಬ್ಬದ ಪಕ್ಕದಲ್ಲಿಡುವ ವಸ್ತು ಎಂದು ಅವನ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಮನೆಮಂದಿಗೆಲ್ಲ ಒಳ್ಳೆಯ ಊಟದ ಅಭ್ಯಾಸ ಮಾಡಿಸುವುದು ಹೇಗೆ ಎಂದು ಕೇಳುವವರಿಗೆ ನಾನು ಮೊದಲು ಹೇಳುವುದು ಇದನ್ನೇ: ಒಳ್ಳೆಯ ಊಟವನ್ನು ರೋಗಿಯ ಊಟ ಮಾಡಬೇಡಿ. ಪಥ್ಯಕ್ಕೊಂದು ಪಾತ್ರೆ, ನಾಲಿಗೆಗೊಂದು ಪಾತ್ರೆ ಎಂದು ಅಡುಗೆಮನೆ ಇಬ್ಭಾಗವಾದರೆ ಮಕ್ಕಳು ಯಾವ ಪಾತ್ರೆಗೆ ಕೈ ಹಾಕುತ್ತಾರೆ ಎಂದು ಬೇರೆ ಹೇಳಬೇಕೆ?

ಆ ತಾತ ಮಾಗಡಿ ತಾಲ್ಲೂಕಿನವರು. ಪಶ್ಚಿಮ ಬೆಂಗಳೂರಿನ ಎಷ್ಟೋ ಮನೆಗಳ ಬೇರು ಆ ಕಡೆಯದೇ. ಮಾಗಡಿ, ಕುಣಿಗಲ್, ನಾಗಮಂಗಲ, ಚನ್ನಪಟ್ಟಣಗಳಿಂದ ಬಂದವರು ಮಾಗಡಿ ರಸ್ತೆಯ ಬಿನ್ನಿ ಮಿಲ್ಲಿಗೋ ರಾಜಾಜಿನಗರದ ಕೈಗಾರಿಕಾ ಬಡಾವಣೆಯ ವರ್ಕ್‌ಶಾಪುಗಳಿಗೋ ಸೇರಿಕೊಂಡರು, ಮೊದಲು ವಠಾರ, ಆಮೇಲೆ ಸೈಟು, ಮನೆ. ಊರಿಂದ ವರ್ಷದ ರಾಗಿ ಬಸ್ಸಿನ ಮೇಲೆ ಮೂಟೆಯಾಗಿ ಬರುತ್ತಿತ್ತು. ಕಾಮಾಕ್ಷಿಪಾಳ್ಯದ ಗಲ್ಲಿಗಳ ಹಿಟ್ಟಿನ ಗಿರಣಿಗಳ ಮುಂದೆ ಡಬ್ಬಗಳು ಸಾಲು ಹಚ್ಚಿರುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ. ಬಿಸಿ ಹಿಟ್ಟಿನ ಆ ವಾಸನೆಯೂ ನೆನಪಿದೆ.

ಆ ರಾಗಿ ಸುಮ್ಮನೆ ಬೆಳೆದು ಬಂದದ್ದೂ ಅಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ಕೂತು ಲಕ್ಷ್ಮಣಯ್ಯ ಎಂಬ ತಳಿ ವಿಜ್ಞಾನಿ ಭಾರತದ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿದರು. ರಾಗಿಯ ಹೂ ಬಹಳ ಸಣ್ಣದು, ಅದರಲ್ಲಿ ಸಂಕರ ಮಾಡುವುದು ಕಣ್ಣು ಬೆನ್ನು ಎರಡನ್ನೂ ತೇಯುವ ಕೆಲಸ. ಇಂಡಿಯಾ, ಆಫ್ರಿಕಾ ಎರಡೂ ಹೆಸರು ಕೂಡಿ ‘ಇಂಡಾಫ್’ ಆಯಿತು. ಇಂಡಾಫ್ ತಳಿಗಳಿಂದ ಹಳೆ ಮೈಸೂರಿನ ಹೊಲಗಳ ಇಳುವರಿ ಏರಿತು, ರೈತರು ಅವರನ್ನು ‘ರಾಗಿ ಲಕ್ಷ್ಮಣಯ್ಯ’ ಎಂದೇ ಕರೆದರು. ಇಂದಿಗೂ ದೇಶದ ರಾಗಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬೆಳೆಯುವುದು ಕರ್ನಾಟಕದಲ್ಲೇ. ಇಷ್ಟೆಲ್ಲ ದುಡಿಮೆಯಿಂದ ನಮ್ಮ ಬಾಗಿಲಿಗೆ ಬಂದ ಧಾನ್ಯವನ್ನು ಎರಡೇ ತಲೆಮಾರಿನಲ್ಲಿ ಔಷಧಿ ಮಾಡಿ ಕೂರಿಸಿದ್ದೇವೆ. ನನಗೆ ಇದು ಬೇಸರದ ಸಂಗತಿ.

ಹಾಗೆಂದು ರಾಗಿ ಮದ್ದು ಅಂತಲೂ ನಾನು ಹೇಳುವುದಿಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಷ್ಟೇ ತೂಕದ ಹಾಲಿನಲ್ಲಿ ಇರುವುದರ ಹತ್ತಿರಹತ್ತಿರ ಮೂರು ಪಟ್ಟು. ಆದರೆ ರಾಗಿಯಲ್ಲಿರುವ ಫೈಟೇಟ್ ಅಡ್ಡ ಬರುವುದರಿಂದ ಅದೆಲ್ಲವೂ ಮೈಗೆ ಹತ್ತುವುದಿಲ್ಲ. ಮೊಳಕೆ ಕಟ್ಟಿ ಒಣಗಿಸಿ ಬೀಸಿದರೆ ಹೆಚ್ಚು ಹತ್ತುತ್ತದೆ. ನಮ್ಮ ಹೆಂಗಸರು ಮಕ್ಕಳ ಸರಿಗೆ ರಾಗಿಯನ್ನು ಮೊಳಕೆ ಬರಿಸುತ್ತಿದ್ದುದು ಈ ಕಾರಣಕ್ಕೂ ಒಳ್ಳೆಯದೇ. ಇನ್ನೊಂದು ಮಾತನ್ನು ಸಕ್ಕರೆ ಕಾಯಿಲೆಯವರು ಗಮನಿಸಬೇಕು. ನುಣ್ಣಗೆ ಬೀಸಿದ ಹಿಟ್ಟನ್ನು ತೆಳ್ಳಗೆ ಗಂಜಿ ಕಾಯಿಸಿ ಬೆಲ್ಲ ಹಾಕಿ ಕುಡಿದರೆ ರಕ್ತದ ಸಕ್ಕರೆ ಬೇಗನೆ ಏರುತ್ತದೆ. ರಾಗಿ ತಾನೇ ಎಂದು ಎರಡು ಲೋಟ ಕುಡಿಯುವುದು ತಪ್ಪು. ಮೂರು ಮುದ್ದೆಗೆ ಒಂದು ಸೌಟು ಸಾರು ಎನ್ನುವ ಲೆಕ್ಕವೂ ತಪ್ಪು. ಗದ್ದೆಯಲ್ಲಿ ಬೆಳಗಿನಿಂದ ಕಳೆ ಕಿತ್ತವರ ಲೆಕ್ಕ ಅದು. ಮುದ್ದೆ ಸಣ್ಣದಿರಲಿ, ಕಾಳು ಸೊಪ್ಪು ಅದಕ್ಕಿಂತ ದೊಡ್ಡದಿರಲಿ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿ ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ದಿನದ ಊಟದ ತಟ್ಟೆಯಲ್ಲಿ ಅರ್ಧ ಭಾಗ ತರಕಾರಿ, ಸೊಪ್ಪು, ಹಣ್ಣು, ಗೆಡ್ಡೆ ಇರಬೇಕು ಎನ್ನುತ್ತದೆ ಅದು. ನಮ್ಮ ಕಡೆಯ ಒಂದು ಸಾಮಾನ್ಯ ತಟ್ಟೆ ನೋಡಿ: ಮುಕ್ಕಾಲು ಅನ್ನ, ಅಂಚಿನಲ್ಲಿ ಎರಡು ಚಮಚ ಪಲ್ಯ, ಉಪ್ಪಿನಕಾಯಿ. ಇದರ ಫಲ ಎರಡು ತುದಿಯಲ್ಲೂ ಕಾಣಿಸುತ್ತಿದೆ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಸಕ್ಕರೆ ಕಾಯಿಲೆ ಇದೆ, ಅದರ ಹೊಸ್ತಿಲಲ್ಲಿ ಇನ್ನೂ 13 ಕೋಟಿ ಮಂದಿ ನಿಂತಿದ್ದಾರೆ. ಇತ್ತ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5 ಮಂದಿಗೆ, 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ 47.8 ಮಂದಿಗೆ ರಕ್ತಹೀನತೆ ಕಂಡುಬಂದಿದೆ. ಒಂದೇ ಸೂರಿನಡಿ ತಾತನಿಗೆ ಸಕ್ಕರೆ ಹೆಚ್ಚು, ಸೊಸೆಗೆ ರಕ್ತ ಕಡಿಮೆ. ಇಬ್ಬರಿಗೂ ಬೇಕಾದ ಊಟ ಮಾತ್ರ ಬೇರೆಬೇರೆ ಅಲ್ಲ.

ಬಸ್ಸಾರು ನನಗೆ ದೊಡ್ಡದಾಗಿ ಕಾಣುವುದು ಇಲ್ಲೇ.

ಗೊತ್ತಿಲ್ಲದ ಎಳೆಯರಿಗಾಗಿ ಹೇಳುತ್ತೇನೆ. ಅಲಸಂದೆಯೋ ಹುರುಳಿಯೋ ತೊಗರಿಬೇಳೆಯೋ ಮೊದಲು ಮುಕ್ಕಾಲು ಬೇಯಬೇಕು. ಆಮೇಲೆ ದಂಟಿನ ಸೊಪ್ಪೋ ಸಬ್ಬಸಿಗೆಯೋ ಬೆರಕೆ ಸೊಪ್ಪೋ ಹೆಚ್ಚಿ ಹಾಕಬೇಕು. ಎರಡೂ ಬೆಂದ ಮೇಲೆ ಬಸಿದರೆ ಕೆಳಗೆ ಕಟ್ಟು, ಮೇಲೆ ಕಾಳು-ಸೊಪ್ಪು. ಅದರಲ್ಲಿ ಒಂದು ಹಿಡಿ ತೆಗೆದು, ಹುರಿದ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಒಣಮೆಣಸಿನಕಾಯಿ, ಕಾಯಿತುರಿ, ಹುಣಸೆಹಣ್ಣಿನ ಜೊತೆ ರುಬ್ಬಿ ಕಟ್ಟಿಗೆ ಬೆರೆಸಿ ಕುದಿಸಿದರೆ ಸಾರು. ಉಳಿದ ಕಾಳು-ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದು ಸಲ ಬೇಯಿಸಿದ್ದಕ್ಕೆ ಎರಡು ಪದಾರ್ಥ. ಬೇಯಿಸಿದ ನೀರಿನಲ್ಲಿ ಇಳಿದ ಸತ್ವವನ್ನು ಮೋರಿಗೆ ಚೆಲ್ಲುವ ಮಾತೇ ಇಲ್ಲ, ಅದೇ ಸಾರಾಗಿ ಹೊಟ್ಟೆಗೆ ಹೋಗುತ್ತದೆ. ತಾತ ಸಣ್ಣ ಮುದ್ದೆಗೆ ತಟ್ಟೆ ತುಂಬ ಪಲ್ಯ ಹಾಕಿಕೊಳ್ಳಬಹುದು. ಮಗು ಬಿಸಿ ಅನ್ನಕ್ಕೆ ತುಪ್ಪ, ಸಾರು ಕಲಸಿಕೊಳ್ಳಬಹುದು. ಹಲ್ಲಿಲ್ಲದ ಅಜ್ಜಿಗೆ ಸಾರಿನಲ್ಲಿ ನೆನೆದ ಮುದ್ದೆ ಸಲೀಸು. ಮಾರನೆಯ ದಿನ ಆಫೀಸಿನ ಡಬ್ಬಿಗೆ ಚಪಾತಿಯ ಜೊತೆ ಅದೇ ಪಲ್ಯ, ರಾತ್ರಿ ಕಳೆದ ಸಾರಿಗಂತೂ ಇನ್ನೂ ರುಚಿ. ನಾಲ್ಕು ವಯಸ್ಸಿನವರು ನಾಲ್ಕು ಬಗೆಯಲ್ಲಿ ಉಣ್ಣುವಂತೆ ಒಂದೇ ಪಾತ್ರೆಯಲ್ಲಿ ಇಷ್ಟನ್ನು ಅಡಗಿಸಿಟ್ಟ ಅಡುಗೆ ನನಗೆ ಬೇರೊಂದು ಗೊತ್ತಿಲ್ಲ.

ಬಸ್ಸಾರೇ ಆಗಬೇಕೆಂದಿಲ್ಲ. ಮಸ್ಸೊಪ್ಪು, ಉಪ್ಪೆಸರು, ಹುರುಳಿಕಾಳಿನ ಸಾರು, ತರಕಾರಿ ಹೆಚ್ಚಿರುವ ಹುಳಿ, ಮೊಟ್ಟೆ ಸಾರು, ಭಾನುವಾರದ ಕೋಳಿ ಸಾರು, ಯಾವುದಾದರೂ ಸರಿ. ಈ ಬಡಾವಣೆಗಳಲ್ಲಿ ಮಾಂಸ ತಿನ್ನುವ ಮನೆಗಳೂ ತಿನ್ನದ ಮನೆಗಳೂ ಪಕ್ಕಪಕ್ಕದಲ್ಲಿವೆ, ಇಬ್ಬರಿಗೂ ದಾರಿ ಇದೆ. ಒಂದು ಪಾತ್ರೆಯದು ಎಲ್ಲರಿಗೂ ಸಲ್ಲಬೇಕು ಅನ್ನುವುದಷ್ಟೇ ಮುಖ್ಯ. ಉಪ್ಪನ್ನು ತಾತನ ಅಳತೆಗೇ ಹಾಕಿ. ಮೊದಲ ಒಂದೆರಡು ವಾರ ಸಪ್ಪೆ ಅನ್ನಿಸುತ್ತದೆ, ಆಮೇಲೆ ನಾಲಿಗೆ ಒಗ್ಗಿಕೊಳ್ಳುತ್ತದೆ. ದಿನಕ್ಕೆ ಒಬ್ಬರಿಗೆ ಐದು ಗ್ರಾಂ ಉಪ್ಪು ಮೀರಬಾರದು. ಅಂದರೆ ನಾಲ್ವರ ಮನೆಗೆ ಒಂದು ಕೆಜಿ ಉಪ್ಪಿನ ಪ್ಯಾಕೆಟ್ಟು ಐವತ್ತು ದಿನ ಬರಬೇಕು. ಮೇಲೆ ಹೇಳಿದ ಆಹಾರ ಮಾರ್ಗಸೂಚಿಯ ಲೆಕ್ಕದಲ್ಲಿ ತುಪ್ಪವೂ ಸೇರಿ ನಾಲ್ವರ ಮನೆಗೆ ತಿಂಗಳಿಗೆ ಮೂರೂವರೆ ಲೀಟರಿನಷ್ಟು ಎಣ್ಣೆ ಸಾಕು. ಹೊಸ ಲೆಕ್ಕಪುಸ್ತಕ ಏನೂ ಬೇಡ, ತಿಂಗಳ ದಿನಸಿ ಚೀಟಿ ನೋಡಿದರೆ ಸಾಕು. ನಾನು ನೋಡಿದಾಗ ನಮ್ಮ ಮನೆಯ ಉಪ್ಪಿನ ಪ್ಯಾಕೆಟ್ಟು ಮೂವತ್ತು ದಿನಕ್ಕೆ ಮುಗಿಯುತ್ತಿತ್ತು, ಉಪ್ಪಿನಕಾಯಿ ಬಾಟಲಿ ಬೇರೆ.

ಈಗ ಆ ಸೊಸೆಯ ಮಾತಿಗೆ ಬರುತ್ತೇನೆ. ಊಟದ ಅಭ್ಯಾಸದ ಬಗ್ಗೆ ಬರೆಯುವವರು ಕೊನೆಗೆ ತಾಯಿಗೇ ಇನ್ನೊಂದು ಕೆಲಸ ಹೊರಿಸಿ ಎದ್ದುಬಿಡುತ್ತೇವೆ. ಬೆಳಿಗ್ಗೆ ಐದಕ್ಕೆ ಎದ್ದು ತಿಂಡಿ, ಡಬ್ಬಿ ಮುಗಿಸಿ ಮೆಟ್ರೊ ಹತ್ತುವ ಹೆಣ್ಣುಮಕ್ಕಳಿಗೆ ‘ಸಿರಿಧಾನ್ಯದಲ್ಲಿ ಹೊಸ ರುಚಿ ಮಾಡಿ’ ಎಂದು ಹೇಳುವುದು ಅನ್ಯಾಯ. 2023ರ ಅಕ್ಟೋಬರಿನಲ್ಲಿ ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪೂರ್ತಿಯಾದ ಮೇಲೆ ಕೆಂಗೇರಿಯಲ್ಲಿ ಮನೆ, ಆ ತುದಿಯಲ್ಲಿ ಕೆಲಸ ಎನ್ನುವ ಕುಟುಂಬಗಳು ಹೆಚ್ಚಿವೆ. ರೈಲಿನಲ್ಲಿ ಕೂತೇ ಒಂದು ಗಂಟೆಯ ಮೇಲಾಗುತ್ತದೆ. ಅಂಥ ಮನೆಯಲ್ಲಿ ಸೊಪ್ಪು ಬಿಡಿಸುವವರು ಯಾರು? ಉತ್ತರ: ಎಲ್ಲರೂ. ಟಿ.ವಿ. ಮುಂದೆ ಕೂತ ಗಂಡಸು ಸೊಪ್ಪು ಬಿಡಿಸಬಲ್ಲ. ಹತ್ತು ವರ್ಷದ ಮಗು ಕಾಳು ನೆನೆಹಾಕಬಲ್ಲದು. ತಾತನಿಗೆ ಮುದ್ದೆ ಕಟ್ಟುವುದು ಗೊತ್ತೇ ಇದೆ. ಮನೆಯ ಊಟ ಸುಧಾರಿಸಬೇಕು ಎನ್ನುವವರು ಮೊದಲು ಅಡುಗೆಮನೆಯ ಕೆಲಸ ಹಂಚಿಕೊಳ್ಳಬೇಕು. ಆಮೇಲೆ, ಅಡುಗೆ ಮಾಡಿದವಳೂ ಎಲ್ಲರ ಜೊತೆಯಲ್ಲೇ ಕೂತು, ಪಲ್ಯ ಖಾಲಿಯಾಗುವ ಮುಂಚೆಯೇ ಬಡಿಸಿಕೊಳ್ಳಬೇಕು. ಸೊಪ್ಪಿಗೆ ಮೇಲಿಂದ ನಿಂಬೆಹುಳಿ ಹಿಂಡಿದರೆ ಅದರ ಕಬ್ಬಿಣ ಮೈಗೆ ಹೆಚ್ಚು ಹತ್ತುತ್ತದೆ. ಊಟವಾದ ಕೂಡಲೇ ಕಾಫಿ, ಟೀ ಕುಡಿದರೆ ಹತ್ತುವುದು ಕಡಿಮೆಯಾಗುತ್ತದೆ. ಒಂದು ಗಂಟೆ ಬಿಟ್ಟು ಕುಡಿಯಿರಿ. ಖರ್ಚಿಲ್ಲದ ಈ ಎರಡು ಮಾತನ್ನು ರಕ್ತ ಕಡಿಮೆ ಇರುವ ಹೆಣ್ಣುಮಕ್ಕಳಿಗೆ ಯಾರೂ ಹೇಳುವುದಿಲ್ಲ.

ಮಕ್ಕಳನ್ನು ಕೆಡಿಸುವುದು ರಾತ್ರಿಯ ಊಟವಲ್ಲ, ಸಂಜೆ ಐದರಿಂದ ಏಳರ ಹೊತ್ತು. ಶಾಲೆಯಿಂದ ಬಂದು ಟ್ಯೂಷನ್ನಿಗೆ ಓಡುವ ನಡುವೆ ಹಸಿವು ಜೋರಾಗಿರುತ್ತದೆ, ಮನೆಯಲ್ಲಿ ತಿನ್ನಲು ಏನೂ ಇರುವುದಿಲ್ಲ. ವಿಜಯನಗರದ ಬೀದಿಯ ತಿಂಡಿ ಗಾಡಿಗಳ ಮುಂದೆ ಆ ಹೊತ್ತಿನಲ್ಲಿ ನಿಂತು ನೋಡಿದರೆ ಶಾಲೆಯ ಬ್ಯಾಗುಗಳೇ ಕಾಣುತ್ತವೆ. ಗೋಬಿ ಮಂಚೂರಿಯ ಕೆಂಪು ಬಣ್ಣ ಎಲ್ಲಿಂದ ಬರುತ್ತದೆ ಎಂದು ಬಹಳ ಜನ ಯೋಚಿಸಿರಲಿಲ್ಲ. ಮಾದರಿಗಳನ್ನು ಪರೀಕ್ಷಿಸಿದ ಮೇಲೆ 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿಗೆ ಮತ್ತು ಬೊಂಬಾಯಿ ಮಿಠಾಯಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಮಿಠಾಯಿಯಲ್ಲಿ ಸಿಕ್ಕ ರೋಡಮೈನ್-ಬಿ ಬಟ್ಟೆಗೆ ಹಾಕುವ ಬಣ್ಣ. ಬಣ್ಣ ಹೋದರೂ ಮೈದಾ ಇದೆ, ಮತ್ತೆ ಮತ್ತೆ ಕಾಯಿಸಿದ ಎಣ್ಣೆ ಇದೆ. ತಿಂಗಳಿಗೊಮ್ಮೆ ತಿಂದರೆ ಯಾರಿಗೂ ಏನೂ ಆಗುವುದಿಲ್ಲ, ಮಕ್ಕಳ ಆ ಸಂತೋಷವನ್ನು ನಾನು ಕಿತ್ತುಕೊಳ್ಳುವುದಿಲ್ಲ. ದಿನಾ ಆದರೆ ಕಷ್ಟ. ತಡೆಯುವುದು ಬೈದು ಅಲ್ಲ. ಮಗು ಬಾಗಿಲು ತೆಗೆದು ಒಳಗೆ ಬಂದಾಗ ಕಣ್ಣೆದುರಿಗೆ ಬೇಯಿಸಿದ ಕಡಲೆಕಾಯೋ ಹೆಸರುಕಾಳಿನ ಉಸಲಿಯೋ ಬಾಳೆಹಣ್ಣೋ ಇರಬೇಕು. ಬೆಳಿಗ್ಗೆ ನೆನೆಹಾಕಿದ್ದರೆ ಸಂಜೆ ಕುಕ್ಕರಿನಲ್ಲಿ ಹತ್ತು ನಿಮಿಷದ ಕೆಲಸ.

ಒಟ್ಟಿಗೆ ಕೂರಿಸುವುದರ ಬಲ ಏನೆಂದು ನೋಡಬೇಕಾದರೆ ಸರ್ಕಾರಿ ಶಾಲೆಗೆ ಹೋಗಿ. 2000ದಲ್ಲಿ ಬೆಂಗಳೂರಿನ ಐದು ಶಾಲೆಗಳ 1,500 ಮಕ್ಕಳಿಗೆ ಊಟ ಕೊಡುವುದರಿಂದ ಶುರುವಾದ ಅಕ್ಷಯ ಪಾತ್ರೆ ಬೆಳೆದದ್ದು ರಾಜಾಜಿನಗರದ ಇಸ್ಕಾನ್ ಗುಡ್ಡದಿಂದಲೇ. ಅದಾದ ಮೇಲೆ ಸರ್ಕಾರದ ಅಕ್ಷರ ದಾಸೋಹ ಬಂತು, 2013ರಲ್ಲಿ ಕ್ಷೀರ ಭಾಗ್ಯದ ಹಾಲು, ಆಮೇಲೆ ಮೊಟ್ಟೆ, 2024ರಲ್ಲಿ ಹಾಲಿನ ಜೊತೆ ರಾಗಿ ಮಾಲ್ಟ್. ಮನೆಯಲ್ಲಿ ಸಾಂಬಾರಿನ ಸೋರೆಕಾಯಿಯನ್ನು ತಟ್ಟೆಯ ಅಂಚಿಗೆ ಎತ್ತಿಡುವ ಮಗು ಸಾಲಿನಲ್ಲಿ ಕೂತಾಗ ಅದನ್ನೇ ಸುಮ್ಮನೆ ತಿನ್ನುತ್ತದೆ. ಪಕ್ಕದವನು ತಿನ್ನುತ್ತಿದ್ದಾನಲ್ಲ. ಹೊಸ ರುಚಿಯೊಂದು ಮಗುವಿಗೆ ಒಗ್ಗಬೇಕಾದರೆ ಹತ್ತು ಸಲವಾದರೂ ಅದರ ನಾಲಿಗೆಗೆ ಸೋಕಬೇಕು ಎಂದು ಮಕ್ಕಳ ಆಹಾರ ಬಲ್ಲವರು ಹೇಳುತ್ತಾರೆ. ನಾವು ಎರಡನೇ ಸಲಕ್ಕೇ ಸೋತು ‘ನಮ್ ಮಗು ಸೊಪ್ಪು ತಿನ್ನಲ್ಲ’ ಎಂದು ನೆಂಟರಿಗೆಲ್ಲ ಸಾರಿಬಿಡುತ್ತೇವೆ. ಮಗು ಪಕ್ಕದಲ್ಲೇ ನಿಂತು ಅದನ್ನು ಕೇಳಿಸಿಕೊಳ್ಳುತ್ತಿರುತ್ತದೆ.

ಸೊಪ್ಪು ಎಂದಾಗ ಒಂದು ಎಚ್ಚರಿಕೆಯನ್ನೂ ಹೇಳಬೇಕು, ಈ ಭಾಗದಲ್ಲಿರುವವರಿಗೆ ವಿಶೇಷವಾಗಿ. ನಮ್ಮ ಬಚ್ಚಲ ನೀರು, ಕಾರ್ಖಾನೆಗಳ ನೀರು ಹೊತ್ತು ಮೈಸೂರು ರಸ್ತೆಗುಂಟ ಹರಿಯುವ ವೃಷಭಾವತಿ ಕೆಂಗೇರಿ ದಾಟಿ ಬೈರಮಂಗಲದ ಕೆರೆ ಸೇರುತ್ತದೆ. ಆ ನೀರು ಹಾಯಿಸಿ ಬೆಳೆದ ಬೆಳೆಗಳಲ್ಲಿ ಭಾರಲೋಹಗಳು ಪತ್ತೆಯಾಗಿವೆ. ಎಷ್ಟು ತೊಳೆದರೂ ಮಣ್ಣು ಹೋಗುತ್ತದೆ, ಗಿಡ ಹೀರಿಕೊಂಡ ಲೋಹ ಹೋಗುವುದಿಲ್ಲ. ಆದ್ದರಿಂದ ಕಟ್ಟಿನ ಬೆಲೆ ಕೇಳುವ ಮೊದಲು ‘ಯಾವೂರಿಂದ ಬಂತಮ್ಮ ಸೊಪ್ಪು?’ ಎಂದು ಕೇಳಿ. ದಿನಾ ಬರುವ ಗಾಡಿಯವರಿಗೆ ಅದು ಗೊತ್ತಿರುತ್ತದೆ, ಹೇಳುತ್ತಾರೆ ಕೂಡ. ತಾರಸಿಯ ಮೇಲೆ ನಾಲ್ಕು ಕುಂಡವಿದ್ದರೆ ಮೆಂತ್ಯ, ದಂಟು ಒಂದು ತಿಂಗಳೊಳಗೆ ಕೈಗೆ ಬರುತ್ತವೆ. ನುಗ್ಗೆಮರವಿರುವ ಮನೆಯವರಂತೂ ಭಾಗ್ಯವಂತರು.

ಆ ಮನೆಯ ಸೊಸೆ ಈಗ ವಾರಕ್ಕೆ ಮೂರು ರಾತ್ರಿ ಒಂದೇ ಅಡುಗೆ ಮಾಡುತ್ತಾರೆ. ಮೊದಲ ವಾರ ಮೊಮ್ಮಗ ಎರಡು ತುತ್ತು ತಿಂದು ಎದ್ದನಂತೆ, ಯಾರೂ ಮಾತಾಡಲಿಲ್ಲ. ಬದಲಿಗೆ ನೂಡಲ್ಸ್ ಬರಲೂ ಇಲ್ಲ. ಎರಡನೇ ವಾರ ತಾತ ಅವನ ಕೈಗೆ ಮುದ್ದೆ ಕೋಲು ಕೊಟ್ಟರು. ಗಂಟಾದ ಮುದ್ದೆಯನ್ನು ಅಂದು ಎಲ್ಲರೂ ಉಂಡರು. ಈಗ ಅವನು ತನ್ನ ಮುದ್ದೆಯನ್ನು ನಿಂಬೆಹಣ್ಣಿನ ಗಾತ್ರಕ್ಕೆ ತಾನೇ ಕಟ್ಟಿಕೊಳ್ಳುತ್ತಾನೆ. ಶನಿವಾರ ನೂಡಲ್ಸ್ ಇದ್ದೇ ಇದೆ, ಇರಲಿ. ಸೊಸೆ ಎಂಟೂವರೆಗೆ ಎಲ್ಲರ ಜೊತೆ ಊಟಕ್ಕೆ ಕೂರುತ್ತಾರೆ. ಆ ಮನೆಯಲ್ಲಿ ಆದ ಬದಲಾವಣೆಗಳಲ್ಲಿ ನನಗೆ ಹೆಚ್ಚು ಸಂತೋಷ ತಂದದ್ದು ಇದು.

ಈಗ ಅವರೆಕಾಯಿ ಕಾಲ. ಹೆಬ್ಬಾಳ ಅವರೆಯಂಥ ತಳಿಗಳು ಬಂದ ಮೇಲೆ ಕಾಯಿ ವರ್ಷವಿಡೀ ಸಿಗುತ್ತದೆ ನಿಜ, ಆದರೆ ಇಬ್ಬನಿ ಕುಡಿದ ಸೊಗಡು ಅವರೆ ಬರುವುದು ಈ ದಿನಗಳಲ್ಲೇ. ಮಾಗಡಿ ಕಡೆಯ ಕಾಯಿ ನಮ್ಮ ರಸ್ತೆಗಳ ಬದಿಯಲ್ಲೇ ರಾಶಿ ಬಿದ್ದಿದೆ. ಹಿತಕಿದ ಬೇಳೆಯನ್ನು ಒಬ್ಬರೇ ಕೂತು ಮಾಡಲು ಹೋದರೆ ಬೆರಳು ಸೋಲುತ್ತದೆ, ಮನೆಯವರೆಲ್ಲ ಸೇರಿದರೆ ಮಾತಾಡುತ್ತಾ ಆಡುತ್ತಾ ಮುಗಿಯುತ್ತದೆ. ಈ ಶನಿವಾರ ಎರಡು ಕೆಜಿ ಕಾಯಿ ತನ್ನಿ. ಸಂಜೆ ಎಲ್ಲರೂ ಕೂತು ಬಿಡಿಸಿ, ರಾತ್ರಿ ಕಾಳು ನೆನೆಹಾಕಿ. ಭಾನುವಾರ ಬೆಳಿಗ್ಗೆ ತಾತ, ಅಜ್ಜಿ, ಮಕ್ಕಳು ಎಲ್ಲರನ್ನೂ ಮೊರದ ಸುತ್ತ ಕೂರಿಸಿ, ಫೋನುಗಳನ್ನು ಒಳಗಿಟ್ಟು, ಬೇಳೆ ಹಿತುಕಿ. ಮಧ್ಯಾಹ್ನ ಒಂದೇ ಸಾರು, ಒಂದೇ ಪಂಕ್ತಿ. ಅಡುಗೆ ಮಾಡಿದವರಿಗೆ ಮೊದಲ ಸೌಟು ಬಡಿಸಿ.